ಒಂದೇ ಅಳತೆಯ ಲೋಕ



ಸಂಗೀತ, ಕುಸ್ತಿ, ಕಸೂತಿ, ತೊಗಲುಗೊಂಬೆ ಅಂತ ಕಲೆ-ಕ್ರೀಡೆಗಳನ್ನು ಮೆಚ್ಚಿ ಮಾತಾಡುವ ಹೊತ್ತಿದು. ಇಂಥ ಹೊತ್ತಿನಲ್ಲಿ ನಾನೊಂದು ವಿಡಿಯೋ ಗೇಮನ್ನು ಹೊಗಳಲು ಬಂದಿದ್ದೇನೆ ಅಂದರೆ, ಮಕ್ಕಳ ಕೈಯಿಂದ ಮೊಬೈಲು ಕಿತ್ತುಕೊಂಡು ಸಾಕಾಗಿರುವ ತಾಯಂದಿರು ರೇಡಿಯೋ ಆರಿಸಿಬಿಟ್ಟಾರು. ಸ್ವಲ್ಪ ತಾಳಿ. ಆಡುವುದು ಒಳ್ಳೆಯದೋ ಕೆಟ್ಟದ್ದೋ ಅನ್ನುವ ವ್ಯಾಜ್ಯಕ್ಕೆ ನಾನು ಕೈ ಹಾಕುವುದಿಲ್ಲ. ಆ ಆಟ ಹೇಗೆ ಹುಟ್ಟಿತು, ಅದನ್ನು ಕಟ್ಟಿದ ಕಸುಬುದಾರಿಕೆ ಎಂಥದ್ದು ಅನ್ನುವುದಷ್ಟೇ ನನ್ನ ಮಾತು. ಆಟದ ಹೆಸರು ಮೈನ್‌ಕ್ರಾಫ್ಟ್. ಸ್ಟಾಕ್‌ಹೋಮಿನ ಹುಡುಗರು ಆಡುವ ಈ ಆಟವನ್ನೇ ಹೊಸಕೋಟೆ ತಾಲ್ಲೂಕಿನ ನಮ್ಮ ನಂದಗುಡಿಯ ಹುಡುಗರೂ ಆಡುತ್ತಾರೆ.

ನೋಡದವರಿಗೆ ಒಂದಿಷ್ಟು ವಿವರ ಹೇಳುತ್ತೇನೆ. ತೆರೆಯ ಮೇಲೆ ಒಂದು ಬಯಲು. ಗುಡ್ಡ, ಮರ, ನೀರು, ಮೋಡ, ದನ, ಕುರಿ ಎಲ್ಲ ಇವೆ. ಎಲ್ಲವೂ ಚೌಕ ಚೌಕ. ಮಣ್ಣೂ ಚೌಕ, ಎಲೆಯೂ ಚೌಕ, ಸೂರ್ಯನೂ ಚೌಕ. ಬರಿಗೈಯಲ್ಲಿ ಮರಕ್ಕೆ ಗುದ್ದಿದರೆ ಒಂದು ತುಂಡು ಕೈಗೆ ಬರುತ್ತದೆ. ಅದರಿಂದ ಹಲಗೆ, ಹಲಗೆಯಿಂದ ಕಡ್ಡಿ, ಎರಡನ್ನೂ ಸೇರಿಸಿದರೆ ಮರದ ಪಿಕಾಸಿ. ಪಿಕಾಸಿಯಿಂದ ಕಲ್ಲು ಅಗೆಯಬಹುದು, ಕಲ್ಲಿನ ಪಿಕಾಸಿ ಮಾಡಿಕೊಂಡರೆ ಕಬ್ಬಿಣದ ಅದಿರು ಅಗೆಯಬಹುದು. ಹಗಲು ಇರುವುದು ಹತ್ತು ನಿಮಿಷ. ಕತ್ತಲಾದರೆ ದೆವ್ವ-ಪಿಶಾಚಿಗಳು ಎದ್ದು ಬರುತ್ತವೆ. ಅಷ್ಟರೊಳಗೆ ತಲೆಯ ಮೇಲೊಂದು ಸೂರು ಆಗಬೇಕು. ಇಂಥದ್ದೇ ಕಟ್ಟು ಅಂತ ಯಾರೂ ಹೇಳುವುದಿಲ್ಲ. ಗುಡಿಸಲೋ ಅರಮನೆಯೋ, ಆಡುವವರ ಇಷ್ಟ.

ಇದರ ಹುಟ್ಟು 2009ರ ಮೇ ತಿಂಗಳಲ್ಲಿ. ಸ್ವೀಡನ್ನಿನ ಮಾರ್ಕಸ್ ಪೆರ್ಸನ್ ಅವರಿಗೆ ಆಗ ಮೂವತ್ತು ತುಂಬುವುದರಲ್ಲಿತ್ತು. ಏಳೆಂಟು ವರ್ಷದವರಿದ್ದಾಗಲೇ ಅಪ್ಪನ ಕಮೊಡೋರ್ 128 ಕಂಪ್ಯೂಟರಿನ ಮೇಲೆ ಪ್ರೋಗ್ರಾಮ್ ಬರೆಯಲು ಕಲಿತವರು. ಮುಂದೆ ಕ್ಯಾಂಡಿ ಕ್ರಷ್ ಮಾಡಿ ಹೆಸರಾದ ಕಂಪನಿಯಲ್ಲಿ ಕೆಲವು ವರ್ಷ ಸಣ್ಣಪುಟ್ಟ ಆಟಗಳನ್ನು ಬರೆದರು. ಆಫೀಸಿನದು ಮುಗಿದ ಮೇಲೆ ಮನೆಯಲ್ಲಿ ತಮ್ಮದೇ ಆಟಗಳನ್ನು ಮಾಡಿ ಮಾಡಿ ಬಿಡುತ್ತಿದ್ದರು. ರೂಬಿಡಂಗ್ ಅನ್ನುವ ಒಂದು ಆಟ ಹೀಗೆಯೇ ಅರ್ಧಕ್ಕೆ ನಿಂತಿತ್ತು. ಊರು ಕಟ್ಟುವುದನ್ನು ಮೇಲಿನಿಂದ ನೋಡುವಂಥ ಆಟ ಅದು.

ಅದೇ ಹೊತ್ತಿಗೆ ಅಮೆರಿಕದ ಜಾಕರಿ ಬಾರ್ತ್ ಎಂಬುವವರು ಇನ್ಫಿನಿಮೈನರ್ ಅನ್ನುವ ಆಟ ಬಿಟ್ಟರು. ಎರಡು ತಂಡಗಳು ಚೌಕದ ನೆಲವನ್ನು ಅಗೆದು ಅದಿರಿಗಾಗಿ ಪೈಪೋಟಿ ನಡೆಸುವ ಆಟ. ಆದರೆ ಆಡುವವರು ಪೈಪೋಟಿಯನ್ನು ಬದಿಗಿಟ್ಟು, ಅಗೆದ ಚೌಕಗಳನ್ನು ಪೇರಿಸಿ ಮನೆ ಕಟ್ಟುವುದರಲ್ಲೇ ಮುಳುಗಿಬಿಟ್ಟರು. ಅಷ್ಟರಲ್ಲಿ ಆಟದ ಮೂಲ ಪ್ರೋಗ್ರಾಮ್ ಹೊರಗೆ ಸೋರಿತು. ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ತಿದ್ದಿದರು. ಒಬ್ಬರ ಆಟ ಇನ್ನೊಬ್ಬರದಕ್ಕೆ ಕೂಡದಂತಾಯಿತು. ಬಾರ್ತ್ ಬೇಸತ್ತು ಕೈಬಿಟ್ಟರು.

ಪೆರ್ಸನ್ ಅದನ್ನು ಆಡಿ ನೋಡಿದರು. ತಮ್ಮ ಅರ್ಧ ಆಟಕ್ಕೆ ಏನು ಕೊರತೆ ಅನ್ನುವುದು ಹೊಳೆಯಿತು. ಮೇಲಿನಿಂದ ನೋಡುತ್ತಿದ್ದ ಕಣ್ಣನ್ನು ಕೆಳಗಿಳಿಸಿ, ಆಡುವವನನ್ನು ಆ ನೆಲದ ಮೇಲೆಯೇ ನಿಲ್ಲಿಸಿದರು. ಮೇ 10ಕ್ಕೆ ಕೆಲಸ ಶುರು. ಮೇ 13ಕ್ಕೆ ಒಂದು ಪುಟ್ಟ ವಿಡಿಯೋ. ಮೇ 17ಕ್ಕೆ ಆಟವೇ ಜನರ ಕೈಗೆ. ಆ ವಿಡಿಯೋದ ಜೊತೆ ಅವರು, ಇದು ಇನ್ಫಿನಿಮೈನರ್‌ನ ನಕಲು ಅಂತ ತಾವಾಗಿ ಬರೆದುಕೊಂಡಿದ್ದರು. ಮುಗಿಸುತ್ತೇನೋ ಇಲ್ಲವೋ ಅನ್ನುವ ಅನುಮಾನವನ್ನೂ ಮುಚ್ಚಿಡಲಿಲ್ಲ. ಸಾಲ ಯಾರದೆಂದು ಹೇಳಿ ಪಡೆದ ಸಾಲ ಇದು. ಪಡೆದದ್ದು ಚೌಕ, ಅದರ ಮೇಲೆ ಕಟ್ಟಿದ ಬದುಕು ಪೆರ್ಸನ್ ಅವರದು.

ಮೊಟ್ಟಮೊದಲ ರೂಪದಲ್ಲಿ ಇದ್ದದ್ದು ಎರಡೇ ಬಗೆಯ ಚೌಕಗಳು: ಹುಲ್ಲು ಮತ್ತು ಕಲ್ಲು. ಈ ಬಡತನದೊಳಗೆ ಇಡೀ ಆಟದ ಜಾಣತನ ಅಡಗಿದೆ. ಪ್ರತಿ ಚೌಕವೂ ಉದ್ದ, ಅಗಲ, ಎತ್ತರ ಮೂರರಲ್ಲೂ ಒಂದೊಂದು ಮೀಟರು. ಅದರ ಒಂದೊಂದು ಮುಖದ ಚಿತ್ರ 16 ಚುಕ್ಕಿ ಅಗಲ, 16 ಚುಕ್ಕಿ ಎತ್ತರ. ಒಟ್ಟು 256 ಚುಕ್ಕಿ. ಆರಂಭದ ಆ ಲೋಕ 256 ಚೌಕ ಉದ್ದ, 256 ಅಗಲ, 64 ಎತ್ತರ. ಗುಣಿಸಿದರೆ ಸುಮಾರು 42 ಲಕ್ಷ ಚೌಕ. ಬೇರೆ ಆಟಗಳಲ್ಲಿ ಗುಡ್ಡವನ್ನು ಚಿತ್ರಕಾರರು ತಿಂಗಳುಗಟ್ಟಲೆ ಕೂತು ಕೆತ್ತಬೇಕು. ಕೆತ್ತಿದ ಮೇಲೆ ಆಡುವವನು ಅದಕ್ಕೊಂದು ತೂತು ಕೊರೆಯಲೂ ಆಗದು. ಇಲ್ಲಿ ಹಾಗಲ್ಲ. ಒಂದೊಂದು ಜಾಗದಲ್ಲಿ ಏನಿದೆ ಅನ್ನುವುದಕ್ಕೆ ಕಂಪ್ಯೂಟರು ನೆನಪಿಟ್ಟುಕೊಳ್ಳುವುದು ಒಂದೊಂದು ಸಂಖ್ಯೆ ಮಾತ್ರ: ಇಲ್ಲಿ ಮಣ್ಣು, ಇಲ್ಲಿ ಕಲ್ಲು, ಇಲ್ಲಿ ಬರೀ ಗಾಳಿ. ಗಾಳಿಗೆ ತಾಗಿರುವ ಮುಖಗಳನ್ನಷ್ಟೇ ಬಿಡಿಸಿದರೆ ಸಾಕು, ಒಳಗೆ ಹೂತಿರುವುದನ್ನು ಬಿಡಿಸುವುದೇ ಬೇಡ. ಅಗೆದರೆ ಆ ಜಾಗದ ಸಂಖ್ಯೆ ಬದಲು, ಇಟ್ಟರೂ ಸಂಖ್ಯೆ ಬದಲು. ಹೀಗಾಗಿ ಒಬ್ಬನೇ ಮನುಷ್ಯ, ಸಂಜೆಯ ಬಿಡುವಿನಲ್ಲಿ, ಇಡೀ ಲೋಕವನ್ನೇ ಅಗೆಯಲು ಬರುವಂತೆ ಮಾಡಿಟ್ಟ.

ಒಂದೇ ಅಳತೆಯಿಂದ ಆಡುವವರಿಗೂ ಲಾಭ. ನಮ್ಮ ಕಡೆ ಸೈಜುಗಲ್ಲಿನ ಗೋಡೆ ಏರಿಸುವ ಮೇಸ್ತ್ರಿಯನ್ನು ನೋಡಿ. ಎಷ್ಟು ಸಾಲು, ಸಾಲಿಗೆ ಎಷ್ಟು ಕಲ್ಲು ಅಂತ ತಿಳಿದರೆ ಮನೆ ಅವನ ತಲೆಯಲ್ಲಿ ಆಗಲೇ ಎದ್ದು ನಿಂತಿರುತ್ತದೆ. ಮೈನ್‌ಕ್ರಾಫ್ಟ್ ಆಡುವ ಮಗುವಿನ ಲೆಕ್ಕವೂ ಇಷ್ಟೇ ನೇರ. ಚಿತ್ರ ಬಿಡಿಸಲು ಬರದ ಕೈಗೂ ಕಟ್ಟಲು ಬರುತ್ತದೆ. ಎಲ್ಲರದ್ದೂ ಒಂದೇ ಕಲ್ಲು, ಅಂದಚೆಂದವೆಲ್ಲ ಜೋಡಿಸುವುದರಲ್ಲಿ.

ಎರಡನೆಯ ಜಾಣತನ, ಆಟವನ್ನು ಮುಗಿಸುವ ಮೊದಲೇ ಮಾರಿದ್ದು. 2009ರ ಜೂನ್‌ನಿಂದಲೇ 9.95 ಯೂರೋ ಬೆಲೆ ಇಟ್ಟರು. ಆಟ ಇನ್ನೂ ಆಗಿಲ್ಲ, ಈಗ ಕೊಂಡರೆ ಅಗ್ಗ, ಆಗುತ್ತಾ ಹೋದ ಹಾಗೆ ದುಬಾರಿ ಅನ್ನುವ ಒಪ್ಪಂದ. 2010ರ ಜೂನ್ ಕೊನೆಗೆ ಆಲ್ಫಾ ಅನ್ನುವ ಅರೆರೂಪ, ಅದೇ ಡಿಸೆಂಬರ್‌ನಲ್ಲಿ 14.95 ಯೂರೋದ ಬೀಟಾ ಅನ್ನುವ ಮುಂದಿನ ರೂಪ, 2011ರ ನವೆಂಬರ್ 18ಕ್ಕೆ ಲಾಸ್ ವೇಗಸ್‌ನಲ್ಲಿ ಸಾವಿರಾರು ಆಟಗಾರರ ಮುಂದೆ ಪೂರ್ಣರೂಪ. ನಡುವೆ ಒಂದಷ್ಟು ಕಾಲ ಶುಕ್ರವಾರ ಬಂತೆಂದರೆ ಹೇಳದೆ ಕೇಳದೆ ಏನಾದರೂ ಹೊಸದನ್ನು ಸೇರಿಸಿಬಿಡುತ್ತಿದ್ದರು. ಏನು ಬಂದಿದೆ ಅಂತ ಹುಡುಕುವುದೇ ಆಟಗಾರರಿಗೆ ಇನ್ನೊಂದು ಆಟ. ಕೊಂಡವರು ಆಡಿ, ದೂರು ಹೇಳಿ, ಬೇಕು-ಬೇಡ ತಿಳಿಸಿ, ಕಟ್ಟುವ ಕೆಲಸದಲ್ಲಿ ತಾವೂ ಪಾಲುದಾರರಾದರು. ಜಾಹೀರಾತಿಗೆ ಕಾಸು ಸುರಿಯಲಿಲ್ಲ, ದೊಡ್ಡ ಪ್ರಕಾಶಕರೂ ಹಿಂದಿರಲಿಲ್ಲ. ಬಾಯಿಂದ ಬಾಯಿಗೆ ಹರಡಿಯೇ 2011ರ ಜನವರಿಗೆ ಹತ್ತು ಲಕ್ಷ ಪ್ರತಿ ಮಾರಾಟವಾಯಿತು.

ಕೆಲಸ ಬಯಲಲ್ಲೇ ನಡೆಯುತ್ತಿದ್ದುದರಿಂದ ಕೈತಪ್ಪುಗಳೂ ಬಯಲಾದವು, ಕೆಲವು ಅಲ್ಲೇ ಉಳಿದವು. ಪೆರ್ಸನ್ ಒಮ್ಮೆ ಹಂದಿಯ ಆಕಾರ ಬರೆಯುವಾಗ ಉದ್ದದ ಜಾಗಕ್ಕೆ ಎತ್ತರ, ಎತ್ತರದ ಜಾಗಕ್ಕೆ ಉದ್ದ ಹಾಕಿದರು. ಹಂದಿ ಕಂಬದ ಹಾಗೆ ನೆಟ್ಟಗೆ ನಿಂತಿತು. ಕೈಯಿಲ್ಲ, ನಾಲ್ಕು ಕುಳ್ಳ ಕಾಲು, ಜೋಲುಮುಖ. ಅಳಿಸುವ ಬದಲು ಅದಕ್ಕೆ ಹಸಿರು ಬಣ್ಣ ಬಳಿದರು. ಸದ್ದಿಲ್ಲದೆ ಬೆನ್ನ ಹಿಂದೆ ಬಂದು ಸಿಡಿದು, ಕಟ್ಟಿದ ಗೋಡೆಯನ್ನು ಉರುಳಿಸುವ ಕೆಲಸ ಕೊಟ್ಟರು. ಇವತ್ತು ಮಕ್ಕಳ ಟೀ ಶರ್ಟು, ಬ್ಯಾಗುಗಳ ಮೇಲೆಲ್ಲ ಇರುವ ಕ್ರೀಪರ್ ಅದೇ. ಕಟ್ಟುವ ಆಟಕ್ಕೆ ಕೆಡವುವವನೊಬ್ಬ ಬೇಕಿತ್ತು, ಸಿಕ್ಕಿದ.

2010ರ ಆರಂಭದಲ್ಲಿ ಆ ಲೋಕದ ಅಂಚೇ ಇಲ್ಲವಾಯಿತು. ನೀವು ನಡೆದಷ್ಟೂ ನೆಲ ಮುಂದೆ ಹುಟ್ಟುತ್ತಾ ಹೋಗುತ್ತದೆ. ಇದಕ್ಕೆ ಬಳಸಿದ್ದು ಕೆನ್ ಪರ್ಲಿನ್ ಎಂಬ ಅಮೆರಿಕದ ವಿಜ್ಞಾನಿ 1980ರ ದಶಕದಲ್ಲಿ ಕಂಡುಹಿಡಿದ ಗಣಿತದ ತಂತ್ರ. ಸಿನಿಮಾಕ್ಕೆ ಅದು ಎಷ್ಟು ಉಪಯೋಗವಾಯಿತೆಂದರೆ ಅವರಿಗೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು. ಒಂದು ಸಂಖ್ಯೆ ಕೊಟ್ಟರೆ ಅದರಿಂದ ಗುಡ್ಡ, ಕಣಿವೆ, ಗುಹೆ ಎಲ್ಲವೂ ಹೊರಡುತ್ತವೆ. ಅದೇ ಸಂಖ್ಯೆಯನ್ನು ಅದೇ ಆವೃತ್ತಿಯಲ್ಲಿ ನಂದಗುಡಿಯಲ್ಲಿ ಕೊಟ್ಟರೂ ನಾರ್ವೆಯಲ್ಲಿ ಕೊಟ್ಟರೂ ಅದೇ ಗುಡ್ಡ. ಆದರೆ ಲೋಕದ ನಡುವಿನಿಂದ ಸುಮಾರು 12,550 ಕಿಲೋಮೀಟರು ಹೋದರೆ, ಹೆಚ್ಚೂಕಡಿಮೆ ಭೂಮಿಯ ವ್ಯಾಸದಷ್ಟು ದೂರ, ಲೆಕ್ಕ ಕೈಕೊಡುತ್ತಿತ್ತು. ಅಲ್ಲಿ ನೆಲ ದೈತ್ಯಗೋಡೆಯಾಗಿ ಆಕಾಶಕ್ಕೆ ಎದ್ದು, ತೂತು ತೂತಾಗಿ ಕಾಣುತ್ತಿತ್ತು. ಲೋಕದ ಕೊನೆಯಲ್ಲಿ ಒಂದಿಷ್ಟು ಗುಟ್ಟು ಇರಲಿ ಅಂತ ಪೆರ್ಸನ್ ಅದನ್ನು ಬಹುಕಾಲ ರಿಪೇರಿ ಮಾಡಲಿಲ್ಲ. 2011ರ ಸೆಪ್ಟೆಂಬರಿನ ಆವೃತ್ತಿಯಲ್ಲಿ ಅದು ಮರೆಯಾಯಿತು.

ನನಗೆ ಬಹಳ ಹಿಡಿಸಿದ್ದು ನೀರಿನ ಕತೆ. ನಮ್ಮಕ್ಕನ ಮಗ ಒಮ್ಮೆ ಈ ಆಟದಲ್ಲಿ ಕೆರೆ ಕಟ್ಟಿ ತೋರಿಸಿದ. ಬಿಲ್ಲಿನಂತೆ ಬಾಗಿದ ಏರಿ, ಒಳಮೈಗೆ ಕಲ್ಲು, ನಡುವೆ ತೂಬು, ಒಂದು ಬದಿಗೆ ಕೋಡಿ; ಊರಿನಲ್ಲಿ ಕಂಡದ್ದನ್ನೆಲ್ಲ ಹಾಕಿದ್ದ. ಆಮೇಲೆ ಏರಿಯ ಬುಡದಿಂದ ಒಂದು ಕಲ್ಲು ಕಿತ್ತ. ನಾನು ಅಯ್ಯೋ ಅಂದೆ. ನೀರು ಹೊರಗೆ ಬಂದು, ಬರಬರುತ್ತಾ ತೆಳ್ಳಗಾಗಿ, ಸ್ವಲ್ಪ ದೂರಕ್ಕೆ ನಿಂತುಬಿಟ್ಟಿತು. "ಏರಿ ಒಡೆದ್ರೂ ಊರು ಮುಳುಗಲ್ಲ ಮಾಮ, ಮಟ್ಟ ನೆಲದಲ್ಲಿ ನೀರು ಏಳು ಕಲ್ಲು ದಾಟಲ್ಲ" ಅಂದ. ಕಲ್ಲನ್ನು ತಿರುಗಿ ಇಟ್ಟ, ಹರಿದ ನೀರು ಇಂಗಿತು.

ಆರಂಭದ ಆವೃತ್ತಿಯಲ್ಲಿ ಹೀಗಿರಲಿಲ್ಲ. ಒಂದು ಕಡೆ ನೀರು ಬಿಟ್ಟರೆ ತಗ್ಗೆಲ್ಲ ತುಂಬುವ ತನಕ ನಿಲ್ಲುತ್ತಿರಲಿಲ್ಲ. ಅದನ್ನು ಹೀರಲೆಂದೇ ಸ್ಪಂಜಿನ ಚೌಕವೊಂದನ್ನು ಇಟ್ಟಿದ್ದರು. ಅಂಚಿಲ್ಲದ ಲೋಕದಲ್ಲಿ ನಿಲ್ಲದ ನೀರು ಹರಿದರೆ ಕಂಪ್ಯೂಟರು ಅದನ್ನು ಎಲ್ಲಿಯವರೆಗೆ ಲೆಕ್ಕ ಹಾಕೀತು? ಅದಕ್ಕೇ ಏಳರ ಕಟ್ಟಳೆ. ಜೊತೆಗೆ ಇನ್ನೊಂದು ಏರ್ಪಾಡೂ ಉಂಟು. ಎರಡು ಚೌಕ ಉದ್ದ, ಎರಡು ಚೌಕ ಅಗಲದ ಗುಂಡಿಯ ಎದುರುಬದುರು ಮೂಲೆಗೆ ಒಂದೊಂದು ಬಕೆಟ್ ನೀರು ಸುರಿದರೆ ಆ ಗುಂಡಿ ಎಂದೂ ಬತ್ತದು. ಎಷ್ಟು ಮೊಗೆದರೂ ಮತ್ತೆ ತುಂಬುತ್ತದೆ. ಸಾವಿರ ಅಡಿ ಬೋರು ಕೊರೆಸಿ ಬರೀ ದೂಳು ಕಂಡವರ ಊರಿನ ಹುಡುಗ ಇದನ್ನು ಬಲು ಹೆಮ್ಮೆಯಿಂದ ಹೇಳಿದ. ನಿಜದ ನೀರಿಗೆ ಈ ನಿಯಮ ಸುಳ್ಳು, ಆಟಕ್ಕೆ ಸರಿ. ಯಾವುದನ್ನು ನಿಜದ ಹಾಗೆ ಇಡಬೇಕು, ಯಾವುದನ್ನು ಸಡಿಲ ಬಿಡಬೇಕು ಅಂತ ಆರಿಸುವುದರಲ್ಲೇ ಆಟ ಮಾಡುವವರ ಕೈಗುಣ ಗೊತ್ತಾಗುವುದು. ಮರದ ಬುಡ ಕಡಿದರೆ ಮೇಲಿನ ಕೊಂಬೆ ಗಾಳಿಯಲ್ಲೇ ನಿಂತಿರುತ್ತದೆ. ಮರಳು ಮಾತ್ರ ಆಸರೆ ತಪ್ಪಿದೊಡನೆ ಬೀಳುತ್ತದೆ. ಎಲ್ಲವೂ ಬಿದ್ದಿದ್ದರೆ ಮಕ್ಕಳು ಯಾವ ಗೋಪುರವನ್ನೂ ಕಟ್ಟುತ್ತಿರಲಿಲ್ಲ.

ರೇಡಿಯೋದಲ್ಲಿ ಕೂತು ಸಂಗೀತದ ಮಾತು ಬಿಟ್ಟರೆ ತಪ್ಪಾದೀತು. ಜರ್ಮನಿಯ ಡೇನಿಯಲ್ ರೋಸೆನ್‌ಫೆಲ್ಡ್, ಸಿ418 ಎಂಬ ಹೆಸರಿನಲ್ಲಿ, ಈ ಆಟಕ್ಕೆ ಸಂಗೀತ ಮಾಡಿದರು. ಆಗ ಅವರಿಗೆ ಇಪ್ಪತ್ತರ ಆಸುಪಾಸು. ಆಟದ ಧ್ವನಿ ವ್ಯವಸ್ಥೆ ಬಲು ದುರ್ಬಲವಾಗಿತ್ತು. ಅದಕ್ಕೆ ಹೊಂದುವಂತೆ ಮೆಲ್ಲಗಿನ ಪಿಯಾನೋ ನುಡಿಸಿದರು. ಅದೂ ಎಡೆಬಿಡದೆ ನುಡಿಯುವುದಿಲ್ಲ. ಬಹಳ ಹೊತ್ತು ಹೆಜ್ಜೆಯ, ಪಿಕಾಸಿಯ ಸದ್ದಷ್ಟೇ. ಯಾವಾಗಲೋ ಒಮ್ಮೆ ನಾಲ್ಕು ಸ್ವರ ಕೇಳಿಬಂದು ಹೋಗುತ್ತವೆ. 2011ರಲ್ಲಿ ಆಲ್ಬಮ್ಮಾಗಿ ಬಂದ ಈ ಸಂಗೀತವನ್ನು 2025ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. 2010ರಲ್ಲಿ ಪೆರ್ಸನ್ ನೌಕರಿ ಬಿಟ್ಟು, ಗೆಳೆಯ ಯಾಕೋಬ್ ಪೋರ್ಸೇರ್ ಮತ್ತು ಕಾರ್ಲ್ ಮನ್ನೆ ಅವರ ಜೊತೆ ಮೊಯಾಂಗ್ ಕಂಪನಿ ಕಟ್ಟಿದರು. ಪೂರ್ಣರೂಪ ಬಂದ ತಿಂಗಳೊಳಗೆ ಆಟದ ಹೊಣೆಯನ್ನು ಯೆನ್ಸ್ ಬೆರ್ಗೆನ್‌ಸ್ಟೆನ್ ಅವರಿಗೆ ಒಪ್ಪಿಸಿದರು. 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರಿಗೆ ಕಂಪನಿಯನ್ನು ಕೊಂಡಿತು. 2023ರ ಹೊತ್ತಿಗೆ 30 ಕೋಟಿ ಪ್ರತಿ ಮಾರಾಟವಾಗಿತ್ತು. ಕಂಪ್ಯೂಟರಿನ ಆವೃತ್ತಿಯಲ್ಲಿ ಭಾಷೆಗಳ ಪಟ್ಟಿ ತೆರೆದರೆ ಕನ್ನಡವೂ ಸಿಗುತ್ತದೆ. ಅದನ್ನು ಸ್ವಇಚ್ಛೆಯಿಂದ ಮಾಡಿಕೊಟ್ಟವರು ಆಟದ ಅಭಿಮಾನಿಗಳು.

ಆಟ ಕಟ್ಟುವ ಕಸುಬು ನಮ್ಮ ಸೀಮೆಗೂ ಹೊಸದಲ್ಲ. ರಾಜೇಶ್ ರಾವ್ ಅವರ ಧ್ರುವ ಇಂಟರಾಕ್ಟಿವ್ ಬೆಂಗಳೂರಿನಲ್ಲಿ 1997ರಿಂದಲೇ ವಿಡಿಯೋ ಗೇಮಿನ ಕೆಲಸಕ್ಕೆ ಇಳಿಯಿತು. ಜಗತ್ತಿನ ಹೆಸರಾಂತ ಆಟಗಳಿಗೆ ಬೇಕಾದ ಕಾರು, ಕಟ್ಟಡ, ಪಾತ್ರಗಳನ್ನು ನಮ್ಮ ಹುಡುಗ-ಹುಡುಗಿಯರು ಇಲ್ಲಿ ಕೂತು ರೂಪಿಸಿದರು. 2016ರಲ್ಲಿ ಸ್ಟಾಕ್‌ಹೋಮಿನ ಸ್ಟಾರ್‌ಬ್ರೀಜ್ ಕಂಪನಿ ಅದನ್ನು ಕೊಂಡಿತು, 2019ರಲ್ಲಿ ಧ್ರುವ ರಾಕ್‌ಸ್ಟಾರ್ ಎಂಬ ಗೇಮ್ ಕಂಪನಿಯ ಪಾಲಾಯಿತು. ಇನ್ನೊಬ್ಬರ ನಕ್ಷೆಗೆ ತಕ್ಕ ಹಾಗೆ ಕಾರಿನ ಬಾಗಿಲೊಂದನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗದಂತೆ ಕೂರಿಸುವುದೂ ದೊಡ್ಡ ಕಲೆಯೇ. ಪೆರ್ಸನ್ ಅವರ ದಾರಿ ಬೇರೆ. ಅವರು ಚಿತ್ರದ ಸೊಬಗನ್ನು ಪೂರ್ತಿ ಬಿಟ್ಟುಕೊಟ್ಟರು, ಅದರ ಬದಲಿಗೆ ಮುಟ್ಟಿದ್ದೆಲ್ಲ ಬದಲಾಗುವ ನೆಲವನ್ನು ಪಡೆದರು. ಸಂಜೆಯ ಬಿಡುವು ಬಿಟ್ಟರೆ ಬೇರೆ ಬಂಡವಾಳವಿಲ್ಲದ ನಮ್ಮ ಹುಡುಗರಿಗೆ ಅವರಿಂದ ಕಲಿಯುವುದಿದ್ದರೆ ಅದು ಈ ಲೆಕ್ಕಾಚಾರ: ಕೈಗೆ ಎಟಕುವ ಒಂದು ಅಳತೆಯನ್ನು ಹಿಡಿದು, ಆಡಲು ಬರುವಷ್ಟಾದ ಕೂಡಲೇ ನಾಲ್ಕು ಜನಕ್ಕೆ ಕೊಟ್ಟುಬಿಡುವುದು. ಮಿಕ್ಕದ್ದನ್ನು ಆಡುವವರು ಕೇಳಿ ಕೇಳಿ ಮಾಡಿಸಿಕೊಳ್ಳುತ್ತಾರೆ.

ಮನೆಯಲ್ಲಿ ಮಗು ಆಡುತ್ತಿದ್ದರೆ ಒಮ್ಮೆ ಪಕ್ಕದಲ್ಲಿ ಕೂತು, ಈ ಗೋಡೆ ಇಲ್ಲಿಗೇ ಯಾಕೆ, ಈ ನೀರು ಇತ್ತ ಯಾಕೆ ತಿರುಗಿತು ಅಂತ ಕೇಳಿ ನೋಡಿ. ಮಗು ಕಾರಣ ಕೊಟ್ಟರೆ ಕಟ್ಟುತ್ತಿದೆ ಅಂತ ತಿಳಿದುಕೊಳ್ಳಿ, ಇನ್ನಷ್ಟು ಹೊತ್ತು ಬಿಡಿ. ಕಾರಣ ಬರದಿದ್ದರೆ ಬರೀ ಹೊತ್ತು ಕಳೆಯುತ್ತಿದೆ. ಆಗ ಮೊಬೈಲು ಕಿತ್ತುಕೊಳ್ಳಲು ನನ್ನ ಅಡ್ಡಿಯೇನೂ ಇಲ್ಲ.