ಹಬ್ಬದ ಅಡಿಗೆಯೂ ದಾಸೋಹದ ಅಳತೆಯೂ

(ಶ್ರೀಮಠದ ಮಹೋತ್ಸವದ ಗೋಷ್ಠಿಯಲ್ಲಿ ಓದಿದ ಭಾಷಣ)

 

ಷಟ್‌ಸ್ಥಲ, ಅಷ್ಟಾವರಣ ಮೊದಲಾದ ಗಹನ ವಿಷಯಗಳನ್ನು ಕುರಿತು ವಿದ್ವಾಂಸರು ಉಪನ್ಯಾಸ ಮಾಡುತ್ತಿರುವ ಈ ವೇದಿಕೆಯ ಮೇಲೆ ಅಡಿಗೆಯ ಮನೆಯ ಮಾತನ್ನೆತ್ತುವದು ಕೆಲವರಿಗೆ ಕಿರಿದಾಗಿ ತೋರಬಹುದು. ಆದರೆ ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದೆಂಬುದನ್ನು ಮರೆಯತಕ್ಕದ್ದಲ್ಲ. ಆ ಪ್ರಸಾದವು ತಾನಾಗಿ ಮೇಲಿಂದ ಇಳಿದು ಬರುವಂಥದಲ್ಲ. ಒಲೆಯ ಮುಂದೆ ಕುಳಿತ ತಾಯಿಯ ಕೈಯಿಂದ ಪದಾರ್ಥವು ಹೊರಟು, ಲಿಂಗಕ್ಕೆ ಅರ್ಪಿತವಾದ ಬಳಿಕವೇ ಪ್ರಸಾದವೆನಿಸಿಕೊಳ್ಳುವದು. ಆದುದರಿಂದ ಹಬ್ಬದ ದಿನ ಏನು ಮಾಡಬೇಕು, ಎಷ್ಟು ಮಾಡಬೇಕು, ಯಾರು ಯಾರಿಗೆಂದು ಮಾಡಬೇಕು ಎಂಬ ವಿಚಾರವು ಧರ್ಮವಿಚಾರವೇ ಹೊರತು ಬರಿಯ ಬಾಯಿಚಪಲದ ಮಾತಲ್ಲ. ಹಬ್ಬಗಳು ಅನೇಕವಿರುವವು. ಎಲ್ಲವನ್ನೂ ಮುಟ್ಟಿ ಓಡುವದಕ್ಕಿಂತ ಎಳ್ಳಮಾವಾಸ್ಯೆಯೊಂದನ್ನೇ ಹಿಡಿದು ನೋಡುವದು ಲೇಸು.

ಮಾರ್ಗಶಿರ ಮಾಸದ ಕೊನೆಗೆ ಬರುವ ಈ ಅಮಾವಾಸ್ಯೆಯು ವಿಜಯಪುರ, ಬಾಗಲಕೋಟೆ, ಕಲಬುರಗಿ, ಬೀದರ ಸೀಮೆಗಳ ಒಕ್ಕಲು ಮನೆತನಗಳಿಗೆ ದೊಡ್ಡ ಹಬ್ಬವಾಗಿರುತ್ತದೆ. ಹಿಂಗಾರಿಯ ಬಿಳಿಜೋಳವು ಆಳೆತ್ತರ ನಿಂತಿರುವದು. ಕಡಲೆಯಲ್ಲಿ ಹಸಿಗಾಯಿ ಕಟ್ಟಿರುವದು. ತೊಗರಿಯ ಕಾಯಿ ಬಲಿತಿರುವದು. ಮನೆಮಂದಿಯೆಲ್ಲ ಬುಟ್ಟಿಗಳಲ್ಲಿ ಅಡಿಗೆಯನ್ನು ತುಂಬಿಕೊಂಡು ಹೊಲಕ್ಕೆ ಹೋಗಿ, ಬೆಳೆಯ ನಡುವೆ ಚರಗ ಚೆಲ್ಲಿ, ಬನ್ನಿಯ ಮರವೋ ಬೇವಿನ ಮರವೋ ಇದ್ದಲ್ಲಿ ಅದರ ನೆರಳಿನಲ್ಲಿ ಕುಳಿತು ಉಣ್ಣುವರು. ಬಸುರಿಯಾದ ಭೂತಾಯಿಗೆ ಬಯಕೆಯ ಊಟವೆಂದು ಇದನ್ನು ಹಿರಿಯರು ಹೇಳುವರು. ಮನೆಯ ಅಡಿಗೆಯು ಮನೆಯ ಹೊಸ್ತಿಲನ್ನು ದಾಟಿ ಬಯಲಿಗೆ ಬರುವ ಹಬ್ಬಗಳು ಸ್ವಲ್ಪ. ಬಯಲಿಗೆ ಬಂದ ಮೇಲೆ ದಾರಿಯಲ್ಲಿ ಹೋಗುವವನಿಗೂ ಅದು ಕಾಣುವದು. ಕಂಡವನನ್ನು ಕರೆಯದಿರುವದು ಶಕ್ಯವಿಲ್ಲ. ಈ ಹಬ್ಬದ ಮರ್ಮವು ಇಲ್ಲಿಯೇ ಇದೆ.

ಇದರ ಅಡಿಗೆಯನ್ನು ಒಂದೇ ದಿನದಲ್ಲಿ ಮಾಡಲಿಕ್ಕೆ ಬರುವದಿಲ್ಲ. ಯಾವದನ್ನು ಮೊದಲು ಮಾಡಬೇಕು, ಯಾವದನ್ನು ಕೊನೆಗೆ ಮಾಡಬೇಕೆಂಬ ಕ್ರಮವನ್ನು ನಮ್ಮ ತಾಯಂದಿರು ಪದಾರ್ಥದ ಗುಣವನ್ನು ನೋಡಿಯೇ ಕಟ್ಟಿರುವರು. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗಿ ಬಡಿಯುವಾಗ ರೊಟ್ಟಿಯ ಅಂಚು ಸೀಳುವದು. ಸಜ್ಜೆಯ ಹಿಟ್ಟಂತೂ ಕೆಲವೇ ದಿನಗಳಲ್ಲಿ ಕಹಿಯಾಗುವದು. ಆದುದರಿಂದ ಕಾಳನ್ನು ಮುಂಚೆಯೇ ಹಸನು ಮಾಡಿಟ್ಟುಕೊಂಡು, ಹಿಟ್ಟನ್ನು ಮಾತ್ರ ಬೇಕಾದ ಹೊತ್ತಿಗೆ ಬೀಸಿಕೊಳ್ಳುವರು. ಮೊದಲು ಆಗತಕ್ಕವು ಅಗಸೆ, ಗುರೆಳ್ಳು, ಶೇಂಗಾಗಳ ಹಿಂಡಿ. ಏಕೆಂದರೆ ಅವನ್ನು ಹುರಿದು ಕುಟ್ಟಿ ಇಟ್ಟರೆ ಕೆಡುವ ಭಯವಿಲ್ಲ. ಅನಂತರ ಕಟಿರೊಟ್ಟಿ. ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಒಲೆಯ ಮಗ್ಗುಲಲ್ಲಿ ನಿಲ್ಲಿಸಿ ನೀರಿನ ಅಂಶವು ಪೂರ್ಣ ಆರುವಂತೆ ಮಾಡಿದ ರೊಟ್ಟಿಯು ವಾರಗಟ್ಟಲೆ ಇರುವದು. ಎಳ್ಳುಹೋಳಿಗೆ, ಶೇಂಗಾದ ಹೋಳಿಗೆಗಳನ್ನು ಹಬ್ಬದ ಎರಡು ದಿನ ಮುಂಚೆ ಮಾಡಬಹುದು. ಅವುಗಳ ಹೂರಣದಲ್ಲಿ ಪುಡಿಯೂ ಬೆಲ್ಲವೂ ಹೊರತು ನೀರಿಲ್ಲ. ಕಡಲೆಬೇಳೆಯನ್ನು ಕುದಿಸಿ ಮಾಡಿದ ಹೂರಣವು ಹಾಗಲ್ಲ. ಅದು ಮರುದಿನವೇ ಹಳಸುವ ಜಾತಿಯದು. ಕಡುಬು, ಎಣ್ಣೆಗಾಯಿ, ಪುಂಡಿಯ ಪಲ್ಯ, ಹಸಿಕಾಳಿನ ಪಲ್ಯಗಳಿಗೆ ಹಬ್ಬದ ಬೆಳಗಿನ ಜಾವವೇ ಗೊತ್ತಾದ ವೇಳೆ. ಅಂಬಲಿಯನ್ನು ಹಿಂದಿನ ರಾತ್ರಿ ಕಾಯಿಸಿಟ್ಟರೆ ಬಿಸಿಲೇರುವ ಹೊತ್ತಿಗೆ ಹದವಾದ ಹುಳಿ ಬರುವದು. ಕಲಬುರಗಿ, ಬೀದರದ ಕಡೆಯ ಮನೆಗಳಲ್ಲಿ ಇಷ್ಟರ ಮೇಲೆ ಭಜ್ಜಿಯು ಆಗಲೇಬೇಕು. ಆ ಕಾಲಕ್ಕೆ ಹೊಲದಲ್ಲಿ ದೊರೆಯುವ ಹಸಿಕಾಳು, ಸೊಪ್ಪು, ಕಾಯಿಪಲ್ಯಗಳನ್ನೆಲ್ಲ ಕೂಡಿಸಿ ಕುದಿಸಿ, ಹುಣಿಸೆಯ ಹುಳಿಯನ್ನೂ ಕಡಲೆಹಿಟ್ಟನ್ನೂ ಬೆರೆಸಿ ಮಾಡುವ ಈ ಪದಾರ್ಥವನ್ನು ಉಂಡವರೇ ಬಲ್ಲರು. ಹುಳಿಯ ಪದಾರ್ಥವನ್ನು ಕಲಾಯಿ ಇಲ್ಲದ ಹಿತ್ತಾಳೆಯ ಪಾತ್ರೆಯಲ್ಲಿ ಇಡಬಾರದೆಂಬ ಎಚ್ಚರವನ್ನು ಇಲ್ಲಿ ಹೇಳಿಬಿಡುವದು ಒಳ್ಳೆಯದು.

ಎಳ್ಳು, ಸಜ್ಜೆ, ಬೆಲ್ಲ, ಶೇಂಗಾಗಳು ಚಳಿಗಾಲದಲ್ಲಿ ದೇಹಕ್ಕೆ ಬಿಸುಪನ್ನು ಕೊಡುವವೆಂದು ಹಿರಿಯರು ನಂಬಿದ್ದರು. ಜೋಳ ಸಜ್ಜೆಗಳನ್ನು ಬಡವರ ಅನ್ನವೆಂದು ಕೀಳಾಗಿ ಕಂಡು, ಹಬ್ಬಕ್ಕೆ ಅಕ್ಕಿಯೇ ಆಗಬೇಕೆಂದು ಹಟ ಹಿಡಿದ ಕಾಲವೂ ನಮ್ಮಲ್ಲಿ ಆಗಿಹೋಯಿತು. 2023ನೆಯ ಇಸವಿಯನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಅದೇ ಸಜ್ಜೆಯು ಪಟ್ಟಣದ ಶ್ರೀಮಂತರ ಗಂಗಾಳಕ್ಕೆ ಮರ್ಯಾದೆಯಿಂದ ಏರಿದೆ. ಅಜ್ಜಿಯ ಮಾತಿಗೆ ಇಲ್ಲದ ಬೆಲೆಯು ಹೊರಗಿನವರ ಮಾತಿಗೆ ಬಂದದ್ದು ಸ್ವಲ್ಪ ನಗು ಬರಿಸುವ ಸಂಗತಿಯಾದರೂ, ಬಂದದ್ದು ಒಳಿತೇ ಆಯಿತು.

ಇನ್ನು ಲೆಕ್ಕದ ಮಾತು. ಒಂದು ಸಾಧಾರಣ ಕಮತದ ಮನೆಯಿದೆಯೆಂದು ಭಾವಿಸಿರಿ. ಮನೆಯವರು 11 ಮಂದಿ. ಹೊಲದಲ್ಲಿ ದುಡಿಯುವ ಮೂರು ಕುಟುಂಬಗಳಿಂದ 9 ಮಂದಿ. ಪಾದಪೂಜೆಗೆ ಬರುವ ಅಯ್ಯನವರು ಒಬ್ಬರು. ಹೊಲವಿಲ್ಲದ ನೆರೆಯ ಎರಡು ಮನೆಗಳವರು 6 ಮಂದಿ. ಇಲ್ಲಿಗೆ 27 ಆಯಿತು. ಕರೆಯದೆ ಬರುವವರಿಗೆಂದು 5 ಎಡೆಗಳನ್ನು ಹೆಚ್ಚಾಗಿ ಹಿಡಿದರೆ 32. ತಲೆಗೆ ಎರಡು ಜೋಳದ ರೊಟ್ಟಿ, ಒಂದು ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯೆಂದರೆ 96 ರೊಟ್ಟಿಗಳು. ಎರಡೆರಡು ಹೋಳಿಗೆಯೆಂದರೆ 64. ಕಾಗದವಿಲ್ಲದೆ, ಹಿಟ್ಟಿನ ಹಿಡಿಯಿಂದಲೇ ಈ ಗಣಿತವನ್ನು ಮಾಡುವ ತಾಯಂದಿರು ಇಂದಿಗೂ ಇರುವರು. ಆದರೆ ಅನೇಕ ಮನೆಗಳಲ್ಲಿ ಲೆಕ್ಕವು 11ಕ್ಕೇ ನಿಂತುಬಿಡುವದು. ದುಡಿಯುವವರಿಗೆ ಉಳಿದದ್ದನ್ನು ಕಟ್ಟಿ ಕೊಟ್ಟರಾಯಿತೆಂಬ ಭಾವನೆ! ಉಳಿದರೆ ಕೊಡುವದು ದಾನವೆನಿಸಬಹುದು, ಅದು ದಾಸೋಹವಲ್ಲ. ದಾಸೋಹದಲ್ಲಿ ಕೊಡುವವನು ತಾನು ದಾಸನೆಂದು ಭಾವಿಸುವನು. ದಾಸನಾದವನು ತನ್ನ ಒಡೆಯನಿಗೆ ಮಿಕ್ಕದ್ದನ್ನು ಕೊಡುವದುಂಟೇ? ದುಡಿಯುವವರ ಎಡೆಯನ್ನು ಹಿಟ್ಟು ಅಳೆಯುವ ಮೊದಲೇ ಎಣಿಸತಕ್ಕದ್ದು.

ಖರ್ಚು ಏರುವದಲ್ಲವೇ ಎಂದು ಯಜಮಾನನು ಕೇಳುವನು. ಈ ಪ್ರಶ್ನೆಯು ನ್ಯಾಯವಾದದ್ದೇ. ಮಳೆ ಕೈಕೊಟ್ಟ ವರ್ಷ ಒಂಬತ್ತು ಬಗೆಯ ಪದಾರ್ಥಗಳನ್ನು ಮಾಡುವ ಶಕ್ತಿ ಎಲ್ಲರಿಗೂ ಇರುವದಿಲ್ಲ. ಅಂಥ ವರ್ಷ ಕಡಿಮೆ ಮಾಡತಕ್ಕದ್ದು ಪದಾರ್ಥಗಳ ಸಂಖ್ಯೆಯನ್ನು, ಎಡೆಗಳ ಸಂಖ್ಯೆಯನ್ನಲ್ಲ. ಎರಡು ಹೋಳಿಗೆಯ ಬದಲು ಒಂದಾಗಲಿ. ಶೇಂಗಾದ ಹೋಳಿಗೆ ಬಿಟ್ಟು ಎಳ್ಳಿನದೊಂದೇ ಇರಲಿ. ಎಣ್ಣೆಗಾಯಿಗೆ ಎಣ್ಣೆ ಸಾಲದಿದ್ದರೆ ಪುಂಡಿಯ ಪಲ್ಯವಿದೆ. ರೊಟ್ಟಿ, ಹಿಂಡಿ, ಅಂಬಲಿ ಇಷ್ಟರಿಂದಲೇ 32 ಮಂದಿಯ ಹಬ್ಬವು ಆಗುವದು. ಅಂಗಡಿಯಲ್ಲಿ ಉದ್ರಿ ಬರೆಯಿಸಿ ಬಗೆಬಗೆಯ ಭಕ್ಷ್ಯಗಳನ್ನು ಮಾಡಿಸಿ, ಸುಗ್ಗಿಯಾದ ಕೂಡಲೆ ಜೋಳದ ಚೀಲವನ್ನು ಆ ಅಂಗಡಿಗೆ ಹೊರುವ ಮನೆಗಳೂ ಇವೆ. ಹೊಲದ ಬೆಳೆಗೆ ಬಯಕೆಯ ಊಟವನ್ನು ಇಕ್ಕಿ, ಆ ಬೆಳೆಯನ್ನೇ ಊಟದ ಸಾಲಕ್ಕೆ ತೆರುವದು ಎಂಥ ವಿಪರೀತ!

ಈ ಪ್ರಸಂಗದಲ್ಲಿ ಆಯ್ದಕ್ಕಿ ಲಕ್ಕಮ್ಮನವರ ನೆನಪು ಬಾರದಿರದು. ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳು 12ನೆಯ ಶತಮಾನದ ಶರಣರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ಜಂಗಮದಾಸೋಹವನ್ನು ನಡೆಸುವದು ಮಾರಯ್ಯನವರ ಕಾಯಕವಾಗಿತ್ತು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಕದ್ದ ಅಕ್ಕಿಯಲ್ಲ, ಬೇಡಿ ತಂದ ಅಕ್ಕಿಯೂ ಅಲ್ಲ. ನೆಲದ ಮೇಲೆ ಬಿದ್ದದ್ದನ್ನೇ ಆಯ್ದದ್ದು. ಆದರೂ ಲಕ್ಕಮ್ಮನವರು ಅದನ್ನು ಒಳಗೆ ತಕ್ಕೊಳ್ಳಲಿಲ್ಲ. ನಿತ್ಯದ ಅಳತೆಗೆ ಮೀರಿದ್ದು ಆಸೆಯಿಂದ ಬಂದದ್ದೆಂದು ಹೇಳಿ, ಹೆಚ್ಚಿನದನ್ನು ಎಲ್ಲಿತ್ತೋ ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಮರಳಿ ಕಳಿಸಿದರು. ಉಳಿದ ಎಂದಿನ ಅಕ್ಕಿಯಿಂದಲೇ ಅಸಂಖ್ಯ ಜಂಗಮರಿಗೆ ಪ್ರಸಾದವಾಯಿತೆಂದು ಪುರಾಣಗಳು ಹೇಳುವವು. ಶೂನ್ಯಸಂಪಾದನೆಯಲ್ಲಿ ಈ ಸಂಗತಿಗೆ ಒಂದು ಪ್ರತ್ಯೇಕ ಅಧ್ಯಾಯವೇ ಮೀಸಲಾಗಿದೆ. ಇಲ್ಲಿ ಲಕ್ಷ್ಯಕ್ಕೆ ತರತಕ್ಕ ಮಾತು ಬೇರೊಂದುಂಟು. ಅಕ್ಕಿಯನ್ನು ಹೊತ್ತು ತಂದವರು ಮಾರಯ್ಯನವರು. ಎಷ್ಟು ಸಾಕೆಂದು ತೀರ್ಮಾನಿಸಿದವರು ಲಕ್ಕಮ್ಮನವರು. ಗಂಡನು ಆ ತೀರ್ಮಾನಕ್ಕೆ ತಲೆವಾಗಿದನು. ಇಂದು ನಮ್ಮ ಮನೆಗಳಲ್ಲಿ ಹಬ್ಬದ ಯಾದಿಯನ್ನು ಬರೆಯುವವನು ಗಂಡಸು, ಬೇಯುವವಳು ಹೆಂಗಸು ಎಂಬಂತಾಗಿದ್ದರೆ, ಅದು ಕಲ್ಯಾಣದ ಪದ್ಧತಿಯಲ್ಲ.

ಬೇಯುವವಳ ಮಾತು ಬಂದುದರಿಂದ ಅದನ್ನು ಪೂರ್ತಿಯಾಗಿಯೇ ಆಡಿಬಿಡಬೇಕು. ಹಬ್ಬದ ದಿನ ಬೆಳಗಿನ ನಾಲ್ಕು ಗಂಟೆಗೆ ಎದ್ದು ಒಲೆ ಹೊತ್ತಿಸಿದ ಸೊಸೆಯು, ಅತ್ತೆಮಾವಂದಿರು, ಗಂಡ, ಭಾವಮೈದುನರು, ಮಕ್ಕಳು, ಬೀಗರು ಎಲ್ಲರೂ ಉಂಡು ಅಡ್ಡಾದ ಮೇಲೆ, ಮೂರು ಗಂಟೆಗೆ ಬುಟ್ಟಿಯ ತಳದಲ್ಲಿ ಮುರಿದ ರೊಟ್ಟಿಯನ್ನು ಹುಡುಕುವಳು. ಇದನ್ನು ಸಂಪ್ರದಾಯವೆಂದು ಹೊಗಳುವವರೂ ಉಂಟು. ಗುರುವಿನ ಕೈಯಿಂದ ಇಷ್ಟಲಿಂಗವನ್ನು ಪಡೆಯುವದರಲ್ಲಿ ಗಂಡು ಹೆಣ್ಣೆಂಬ ಭೇದವನ್ನು ಎಣಿಸದ ಧರ್ಮವು, ಲಿಂಗಕ್ಕೆ ಅರ್ಪಿಸಿ ಉಣ್ಣುವದರಲ್ಲಿ ಮಾತ್ರ ಆಕೆಯನ್ನು ಹಿಂದೆ ನೂಕಿತೆಂದು ಯಾವ ಶರಣರು ಹೇಳಿದ್ದಾರೆ? ಆಕೆಯ ಎದೆಯ ಮೇಲಿನ ಲಿಂಗವು ಮೂರು ಗಂಟೆಯ ವರೆಗೆ ಉಪವಾಸವಿರಬೇಕೇ? ಹೊಲದ ಊಟವು ಈ ದೋಷವನ್ನು ತಿದ್ದಿಕೊಳ್ಳಲಿಕ್ಕೆ ಒಳ್ಳೆಯ ಸಂಧಿ. ಅಲ್ಲಿ ಒಲೆಯಿಲ್ಲ, ಬಿಸಿರೊಟ್ಟಿ ಬಡಿಯಬೇಕೆಂಬ ನೆವವೂ ಇಲ್ಲ. ಅಡಿಗೆಯೆಲ್ಲ ಮುಂಚೆಯೇ ಆಗಿ ಬುಟ್ಟಿಯಲ್ಲಿ ಬಂದಿದೆ. ಮಾಡಿದವರನ್ನು ಮೊದಲ ಪಂಕ್ತಿಯಲ್ಲಿ ಕೂಡ್ರಿಸಿ ಮನೆಯ ಗಂಡುಮಕ್ಕಳು ಬಡಿಸಲಿ. ಗಂಡಸರ ಕೈಗೆ ಭಾರವಾಗುವಷ್ಟು ದೊಡ್ಡ ಬುಟ್ಟಿಗಳನ್ನು ಯಾವ ಮೇದಾರನೂ ಇನ್ನೂ ಹೆಣೆದಿಲ್ಲ.

ಪಂಕ್ತಿಯ ವಿಷಯದಲ್ಲಿಯೇ ಮತ್ತೊಂದು ನೋವಿನ ಸಂಗತಿ. ಹೊಲದಲ್ಲಿ ವರ್ಷವಿಡೀ ದುಡಿದವರನ್ನು ಉಣ್ಣುವ ಹೊತ್ತಿಗೆ ಬದುವಿನ ಆಚೆ ಕೂಡ್ರಿಸಿ, ಮೇಲಿನಿಂದ ಬಡಿಸುವ ರೂಢಿಯು ಊರೂರುಗಳಲ್ಲಿ ಬಹುಕಾಲ ನಡೆಯಿತು. ಕೆಲವು ಕಡೆ ಇನ್ನೂ ಪೂರ್ತಿ ಅಳಿದಿಲ್ಲ. ಸಮಗಾರ ಹರಳಯ್ಯನವರನ್ನು ಶರಣರೆಂದು ಅಪ್ಪಿಕೊಂಡ ಬಸವಣ್ಣನವರ ಹೆಸರನ್ನು ಹೇಳುತ್ತ ಈ ರೂಢಿಯನ್ನು ಇಟ್ಟುಕೊಳ್ಳುವದಕ್ಕೆ ಯಾವ ಸಮಾಧಾನವೂ ಇಲ್ಲ. ಇದಕ್ಕಿಂತ ಹೆಚ್ಚಿಗೆ ಹೇಳುವ ಅವಶ್ಯಕತೆ ಕಾಣುವದಿಲ್ಲ.

ಚರಗ ಚೆಲ್ಲುವದೂ, ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸುವದೂ ಲಿಂಗವಂತರಿಗೆ ಸಲ್ಲುವವೇ ಎಂದು ತರುಣರು ಆಗಾಗ ಚರ್ಚಿಸುವರು. ಕಲ್ಲುಗಳ ಮಾತನ್ನು ತಮ್ಮ ತಮ್ಮ ಗುರುಗಳನ್ನು ಕೇಳಿ ನಿರ್ಣಯಿಸಿಕೊಳ್ಳಬಹುದು. ಉಣಲಾರದ ಮೂರ್ತಿಗೆ ಎಡೆಯನ್ನಿಟ್ಟು, ಹಸಿದು ಬಂದ ಜಂಗಮನನ್ನು ಹೊರಗಟ್ಟುವ ನಡತೆಯನ್ನು ಬಸವಣ್ಣನವರು ಹೇಗೆ ಬಯಲಿಗೆಳೆದರೆಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಚರಗದ ಅನ್ನವು ಉಣಲಾರದವರಿಗೆ ಸಲ್ಲುವದಿಲ್ಲ. ಅದನ್ನು ಹಕ್ಕಿಗಳು ತಿನ್ನುವವು, ಇರುವೆಗಳು ಒಯ್ಯುವವು. ಚರಗದ ಆಸೆಗೆ ಬಂದ ಹಕ್ಕಿಯು ಬೆಳೆಯ ಕೀಡೆಯನ್ನೂ ತಿನ್ನುವದೆಂದು ಒಕ್ಕಲಿಗರು ಹೇಳುವರು. ಸಕಲ ಜೀವಾತ್ಮರಿಗೆ ಲೇಸನ್ನು ಬಯಸುವವರಿಗೆ ಒಂದು ಹಿಡಿ ಅನ್ನವನ್ನು ಬಯಲಿಗೆ ಬಿಡುವದು ಭಾರವಲ್ಲ. ಹಿಡಿಯೆಂದರೆ ಹಿಡಿಯೇ; ಬುಟ್ಟಿಗಟ್ಟಲೆ ಎರಚುವದು ಚರಗವಲ್ಲ, ಕೆಡಿಸುವದು.

ಕೆಡಿಸುವ ಮಾತಿನಲ್ಲಿ ಹೊಲಕ್ಕಿಂತ ಕಲ್ಯಾಣಮಂಟಪಗಳದೇ ದೊಡ್ಡ ಅಪರಾಧ. ಗಂಗಾಳವನ್ನು ತೊಳೆದು ಆ ನೀರನ್ನೂ ಕುಡಿಯುತ್ತಿದ್ದ ಪ್ರಸಾದಿಗಳ ಮೊಮ್ಮಕ್ಕಳು ಇಂದು ಎಲೆಯಲ್ಲಿ ಮೂರು ಸಿಹಿಗಳನ್ನು ಬಡಿಸಿಕೊಂಡು, ಒಂದನ್ನು ಮುರಿದು, ಎರಡನ್ನು ಹಾಗೆಯೇ ಬಿಟ್ಟು ಏಳುವರು. ಬೇಡವೆಂದು ಕೈ ಅಡ್ಡ ಹಿಡಿಯುವದರಲ್ಲಿ ಯಾವ ಅವಮಾನವೂ ಇಲ್ಲ. ಬಡಿಸುವವರೂ ಬಲವಂತ ಮಾಡದೆ, ಮೊದಲು ಅರ್ಧ ರೊಟ್ಟಿ, ಕೇಳಿದರೆ ಮತ್ತೆ ಅರ್ಧ ಎಂಬ ಕ್ರಮವನ್ನು ಹಿಡಿದರೆ ಎಲೆಯಲ್ಲಿ ಉಳಿಯುವದು ತಾನಾಗಿ ತಪ್ಪುವದು.

ಎಲ್ಲ ಲೆಕ್ಕ ಸರಿಯಾಗಿ ನಡೆದರೂ ಎಳ್ಳಮಾವಾಸ್ಯೆಯ ಸಂಜೆ ಕೆಲವು ಕಟಿರೊಟ್ಟಿಗಳು ಬುಟ್ಟಿಯಲ್ಲಿ ಉಳಿದೇ ಉಳಿಯುವವು. ಅವನ್ನು ಬಟ್ಟೆಯಲ್ಲಿ ಸುತ್ತಿ ಮೇಲಿಡುವರು. ಅಂದಿಗೆ ಹದಿನೇಳನೆಯ ದಿನ, ಪುಷ್ಯ ಬಹುಳ ಬಿದಿಗೆಗೆ, ಕೊಪ್ಪಳದ ಗವಿಮಠದ ತೇರು. ಅಲ್ಲಿಯ ಮಹಾದಾಸೋಹಕ್ಕೆ ಸುತ್ತಲಿನ ಊರುಗಳ ಮನೆಮನೆಯಿಂದ ರೊಟ್ಟಿಗಳು ಲಕ್ಷಗಟ್ಟಲೆ ಕೂಡುವವು. ಮಠದ ಒಲೆಯಲ್ಲಿ ಅನ್ನವೂ ಸಾರೂ ಕುದಿದರೆ, ರೊಟ್ಟಿಯು ಬೇಯುವದು ಭಕ್ತರ ಮನೆಗಳ ಹಂಚಿನ ಮೇಲೆ. ಯಾವ ರೊಟ್ಟಿಯು ಯಾವ ಮನೆಯದೆಂದು ಉಣ್ಣುವವನು ತಿಳಿಯನು, ಬಡಿದವಳೂ ಹೇಳಳು. ಆ ಸೀಮೆಯ ಊರುಗಳಲ್ಲಿ ಎಳ್ಳಮಾವಾಸ್ಯೆಯ ಬುಟ್ಟಿಗಳು ಹೊಲದಿಂದ ಮರಳಿದ ಕೆಲವೇ ದಿನಗಳಿಗೆ ಹೆಂಗಸರು ಓಣಿಗೊಂದರಂತೆ ಕೂಡಿ ಕುಳಿತು ತಿರುಗಿ ಹಿಟ್ಟು ನಾದತೊಡಗುವರು. ಸಂಜೆಯಾಗುವದರೊಳಗೆ ಬಡಿಯುವ ಸಪ್ಪಳವು ಊರ ತುಂಬ ಕೇಳಬರುವದು.