ಹುಂಜ ಬೆಳೆಯುವುದನ್ನು ನೋಡೋಣ, ಲೆಕ್ಕ ಬರೆಯೋಣ

(ದೇವಿಕೊಪ್ಪದ ಅಕ್ಷರ ಕೇಂದ್ರದಲ್ಲಿ ಅಕ್ಕಂದಿರ ಮುಂದೆ ಆಡಿದ ಮಾತು)

ಇವತ್ತು ನಾವು ಕೋಳಿಯ ಬಗ್ಗೆ ಮಾತಾಡೋಣ. "ಕೋಳಿ ಸಾಕೋದು ನಮಗ ಗೊತ್ತಿಲ್ಲೇನ್ರಿ?" ಎಂದು ನೀವು ಕೇಳಬಹುದು. ಗೊತ್ತಿದೆ. ಬುಟ್ಟಿ ಕವುಚುವುದು, ಕಾವಿಗೆ ಕೂಡಿಸುವುದು, ಹದ್ದು ಬಂದರೆ ಕೂಗು ಹಾಕುವುದು, ಇವೆಲ್ಲ ನೀವು ಸಣ್ಣವರಿದ್ದಾಗಿನಿಂದ ಮಾಡಿದ ಕೆಲಸ. ಆದರೆ ಕೋಳಿ ಮಾರಿದ ರೊಕ್ಕ ಎಷ್ಟು? ಮೇವಿಗೆ ಹೋದದ್ದು ಎಷ್ಟು? ಉಳಿದದ್ದು ಯಾರ ಕೈಯಲ್ಲಿದೆ? ಹೀಗೆ ಕೇಳಿದರೆ ನಾವೆಲ್ಲ ಸುಮ್ಮನಾಗುತ್ತೇವೆ. ಈಗ ನಾವು ಅಕ್ಷರ ಕಲಿತಿದ್ದೇವೆ, ಅಂಕಿ ಕಲಿತಿದ್ದೇವೆ. ಆ ಅಂಕಿಯನ್ನು ಹಿತ್ತಲಿಗೂ ತರೋಣ.

ಜವಾರಿ ಕೋಳಿ, ಮಿಶ್ರತಳಿ ಕೋಳಿ

ನಮ್ಮ ಜವಾರಿ ಕೋಳಿ ಗಟ್ಟಿ ಜೀವ. ತಿಪ್ಪೆ ಕೆದರಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಕಾವಿಗೆ ಕೂಡುತ್ತದೆ, ಮರಿಗಳನ್ನು ಕಾಯುತ್ತದೆ. ಆದರೆ ನಿಧಾನವಾಗಿ ಬೆಳೆಯುತ್ತದೆ. ತತ್ತಿಯೂ ಕಡಿಮೆ.

ಇದಕ್ಕೆಂದೇ ಬೆಂಗಳೂರಿನ ಹೆಬ್ಬಾಳದಲ್ಲಿ ವಿಜ್ಞಾನಿಗಳು ಬೇರೆ ಬೇರೆ ಜಾತಿಯ ಕೋಳಿಗಳನ್ನು ಕೂಡಿಸಿ ಹೊಸ ತಳಿ ಮಾಡಿದರು. 1989ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ 'ಗಿರಿರಾಜ' ಬಂತು. 2005ರಲ್ಲಿ 'ಸ್ವರ್ಣಧಾರಾ' ಬಂತು. ಇವು ಹಿತ್ತಲಲ್ಲಿ ಬಿಟ್ಟು ಸಾಕುವ ಕೋಳಿಗಳು. ಮೈಮೇಲೆ ಬಣ್ಣ ಬಣ್ಣದ ಗರಿ ಇರುತ್ತದೆ, ನೋಡಲಿಕ್ಕೆ ಜವಾರಿ ಕೋಳಿಯ ಹಾಗೆಯೇ. ಚಲೋ ಮೇವು ಸಿಕ್ಕರೆ ಗಿರಿರಾಜ ಹೇಂಟೆ ವರ್ಷಕ್ಕೆ ಸುಮಾರು 130ರಿಂದ 150 ತತ್ತಿ ಇಡುತ್ತದೆ. ಹುಂಜ ಜವಾರಿ ಹುಂಜಕ್ಕಿಂತ ಬೇಗ ತೂಕ ಹಿಡಿಯುತ್ತದೆ.

ಒಂದು ಎಚ್ಚರಿಕೆ. ಜಾತ್ರೆಯಲ್ಲಿ ಕೆಂಪು, ಹಸಿರು ಬಣ್ಣ ಹಚ್ಚಿದ ಮರಿ ಮಾರುತ್ತಾರೆ. ನೋಡಲಿಕ್ಕೆ ಚಂದ. ಅವು ಗಿರಿರಾಜ ಅಲ್ಲ. ಚಲೋ ಮರಿ ಎಲ್ಲಿ ಸಿಗುತ್ತದೆ ಎಂದು ಪಶು ಆಸ್ಪತ್ರೆಯಲ್ಲಿ ಕೇಳಿ ತರಬೇಕು.

ಮೊದಲ ತಿಂಗಳು

ತಾಯಿಯಿಲ್ಲದ ಮರಿಗೆ ನಾವೇ ತಾಯಿ. ಒಂದು ಮೂಲೆಯಲ್ಲಿ ತಗಡು ಇಲ್ಲವೇ ರಟ್ಟು ಸುತ್ತಲೂ ನಿಲ್ಲಿಸಿ, ಒಳಗೆ ಭತ್ತದ ಹೊಟ್ಟು ಹಾಸಿ, ಮೇಲೆ ಬಲ್ಬು ತೂಗುಹಾಕಬೇಕು. ಮರಿಗಳು ಒಂದರ ಮೇಲೊಂದು ಬಿದ್ದರೆ ಅವಕ್ಕೆ ಚಳಿ ಎಂದು ತಿಳಿಯಿರಿ. ಬಾಯಿ ತೆರೆದು ದೂರ ಓಡಿದರೆ ಸೆಕೆ. ಹರವಾಗಿ ಅಡ್ಡಾಡುತ್ತಿದ್ದರೆ ಎಲ್ಲ ಸರಿ ಇದೆ.

ಕೊಕ್ಕರೆ ರೋಗ ಬಂದರೆ ಒಂದು ವಾರದಲ್ಲಿ ಹಿತ್ತಲು ಬರಿದಾಗುತ್ತದೆ. ಬಂದ ಮೇಲೆ ಔಷಧ ಇಲ್ಲ. ಬರುವ ಮೊದಲು ಲಸಿಕೆ ಇದೆ. ಮೊದಲನೆಯ ವಾರದಲ್ಲಿ ಕಣ್ಣಿಗೆ ಇಲ್ಲವೇ ಮೂಗಿಗೆ ಒಂದು ಹನಿ. ನಾಲ್ಕನೆಯ ವಾರದಲ್ಲಿ ಮತ್ತೊಮ್ಮೆ ಹನಿ. ಎಂಟನೆಯ ವಾರದಲ್ಲಿ ಸೂಜಿ. ನಡುವೆ ಬೇರೆ ರೋಗದ ಲಸಿಕೆಯೂ ಇದೆ, ಅದನ್ನು ಡಾಕ್ಟರರು ಹೇಳುತ್ತಾರೆ. ಲಸಿಕೆಯ ಒಂದು ಸೀಸೆ ಬಹಳ ಕೋಳಿಗಳಿಗೆ ಆಗುತ್ತದೆ. ಬೆರೆಸಿದ ಮೇಲೆ ಬೇಗ ಮುಗಿಸಬೇಕು, ಇಟ್ಟರೆ ಕೆಡುತ್ತದೆ. ಅದಕ್ಕೆ ಹತ್ತು ಮನೆಯವರು ಕೂಡಿ ಒಂದೇ ದಿನ ಹಾಕಿಸಿದರೆ ಎಲ್ಲರಿಗೂ ಅನುಕೂಲ. ತಾರೀಖು ಮರೆಯದಂತೆ ವಹಿಯಲ್ಲಿ ಬರೆಯಿರಿ.

ಹುಂಜ ಯಾವುದು, ಹೇಂಟೆ ಯಾವುದು?

ಹತ್ತು ಮರಿ ತಂದರೆ ಹೆಚ್ಚುಕಡಿಮೆ ಅರ್ಧ ಹುಂಜ ಆಗುತ್ತವೆ. "ನನ್ನ ದೈವಾ ನೆಟ್ಟಗಿಲ್ಲ, ಬರೀ ಹುಂಜಾನ ಬಂದಾವು" ಎಂದು ಕೆಲವರು ಮರುಗುತ್ತಾರೆ. ಇದು ದೈವದ ಮಾತಲ್ಲ. ಗಂಡು ಹೆಣ್ಣು ಸರಿಸುಮಾರು ಸಮ ಹುಟ್ಟುವುದು ಪ್ರಕೃತಿಯ ನಿಯಮ. ಯಾವುದು ಹುಂಜ ಎಂದು ಬೇಗ ಗುರುತು ಹಿಡಿದರೆ ಮುಂದಿನ ಲೆಕ್ಕ ಸುಲಭ.

ಐದು, ಆರು ವಾರಕ್ಕೆ ನೋಡಿರಿ. ಹುಂಜದ ಮರಿಯ ಜುಟ್ಟು ದೊಡ್ಡದಾಗಿ ಕೆಂಪಾಗತೊಡಗುತ್ತದೆ. ಕಾಲು ದಪ್ಪ ಇರುತ್ತದೆ. ಹೇಂಟೆಯ ಜುಟ್ಟು ಇನ್ನೂ ಸಣ್ಣದು, ಬಣ್ಣ ತೆಳುವು.

ಎಂಟು, ಹತ್ತು ವಾರಕ್ಕೆ ಕುತ್ತಿಗೆಯ ಗರಿ ಮತ್ತು ಬಾಲದ ಬುಡದ ಗರಿ ನೋಡಿರಿ. ಹುಂಜದ ಗರಿ ಸಪೂರ, ತುದಿ ಚೂಪು, ಮಿರಮಿರ ಮಿಂಚುತ್ತದೆ. ಹೇಂಟೆಯ ಗರಿಯ ತುದಿ ಗುಂಡಗೆ. ಇದು ಎಲ್ಲಕ್ಕಿಂತ ನಂಬಿಕೆಯ ಗುರುತು.

ಮೂರು ತಿಂಗಳ ಹೊತ್ತಿಗೆ ಹುಂಜ ಕೂಗಲು ಕಲಿಯುತ್ತದೆ. ಮೊದಲು ಪೂರಾ ಕೂಗು ಬರುವುದಿಲ್ಲ. ಗಂಟಲು ಒಡೆದ ಹುಡುಗರ ಹಾಗೆ ಅರ್ಧಕ್ಕೇ ನಿಲ್ಲುತ್ತದೆ. ಕೇಳಿದರೆ ನಗು ಬರುತ್ತದೆ.

ನಾಲ್ಕು ತಿಂಗಳಿಗೆ ಬಾಲದ ಗರಿ ಕುಡುಗೋಲಿನ ಹಾಗೆ ಬಾಗುತ್ತದೆ. ಕಾಲಿನ ಹಿಂದೆ ಮುಳ್ಳಿನ ಮೊಳಕೆ ಗುಂಡಿಯ ಹಾಗೆ ಕಾಣುತ್ತದೆ. ಆಗ ಜಗಳ ಶುರು. ಎರಡು ಹುಂಜ ಎದುರುಬದುರು ನಿಂತು ಕುತ್ತಿಗೆ ಗರಿ ಕೆದರುತ್ತವೆ. ಒಂದು ಸೋತು ಹಿಂದೆ ಸರಿದರೆ ಅಲ್ಲಿಗೆ ಮುಗಿಯಿತು. ಸರಿಯದಿದ್ದರೆ ರಕ್ತ ಬರುವ ತನಕ ಕುಕ್ಕಾಡುತ್ತವೆ. ಐದಾರು ತಿಂಗಳಿಗೆ ಹುಂಜ ಪೂರ್ತಿ ಪ್ರಾಯಕ್ಕೆ ಬರುತ್ತದೆ.

ಎಷ್ಟು ಹುಂಜ ಇಟ್ಟುಕೊಳ್ಳಬೇಕು?

ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಹುಂಜ ಹೆಚ್ಚಾದರೆ ಹೇಂಟೆಗಳ ಬೆನ್ನಿನ ಗರಿ ಉದುರುತ್ತದೆ, ಗಾಯ ಆಗುತ್ತದೆ, ಮೇವಿಗೂ ಅವು ನೆಟ್ಟಗೆ ಬರುವುದಿಲ್ಲ.

"ಹುಂಜ ಇಲ್ಲದಿದ್ರ ತತ್ತಿ ಇಡ್ತಾವೇನ್ರಿ?" ಇದನ್ನು ಬಹಳ ಮಂದಿ ಕೇಳುತ್ತಾರೆ. ಇಡುತ್ತವೆ. ತಿನ್ನಲಿಕ್ಕೆ, ಮಾರಲಿಕ್ಕೆ ಹುಂಜ ಬೇಕಿಲ್ಲ. ಅಂಥ ತತ್ತಿ ಬಿಸಿಲು ಕಾಲದಲ್ಲಿ ಬೇಗ ಕೆಡುವುದೂ ಇಲ್ಲ. ಮರಿ ಮಾಡಿಸಬೇಕಾದರೆ ಮಾತ್ರ ಹುಂಜ ಬೇಕು.

ಮರಿ ಮಾಡಿಸುವಾಗ ಇನ್ನೊಂದು ಮಾತು. ಮಿಶ್ರತಳಿಯ ಹುಂಜ, ಮಿಶ್ರತಳಿಯ ಹೇಂಟೆ ಕೂಡಿದರೆ ಮರಿಗಳು ಅಪ್ಪ ಅವ್ವನ ಹಾಗೆ ಬರುವುದಿಲ್ಲ. ಒಂದು ದೊಡ್ಡದು, ಒಂದು ಸಣ್ಣದು ಆಗುತ್ತವೆ. ಮಿಶ್ರತಳಿಯ ಹೇಂಟೆ ಕಾವಿಗೆ ಕೂಡುವುದೂ ಅಪರೂಪ. ಅದಕ್ಕೆ ಒಂದು ಚಲೋ ಮಿಶ್ರತಳಿ ಹುಂಜವನ್ನು ಜವಾರಿ ಹೇಂಟೆಗಳ ಜೊತೆ ಬಿಡಬಹುದು. ಮರಿ ಜವಾರಿಗಿಂತ ಸ್ವಲ್ಪ ತೂಕ ಬರುತ್ತದೆ. 21 ದಿನ ಕಾವು ಕೊಡಲಿಕ್ಕೆ ಜವಾರಿ ತಾಯಿ ಇದ್ದೇ ಇರುತ್ತಾಳೆ. ಹಾಗೆ ಇಟ್ಟುಕೊಳ್ಳುವ ಹುಂಜ ನೆಟ್ಟಗಿನ ಕಾಲಿನದು, ಕೆಂಪು ಜುಟ್ಟಿನದು, ಚುರುಕಾದದ್ದು ಇರಲಿ. ವರ್ಷಕ್ಕೊಮ್ಮೆ ಬೇರೆ ಮನೆಯವರ ಜೊತೆ ಅದಲು ಬದಲು ಮಾಡಿಕೊಳ್ಳಿರಿ. ಒಂದೇ ರಕ್ತ ಕೂಡಿದರೆ ಮರಿ ಬಲಹೀನ ಆಗುತ್ತವೆ.

ಉಳಿದ ಹುಂಜಗಳನ್ನು ಮಾರಬೇಕು. ಯಾವಾಗ? ಇಲ್ಲಿ ವಹಿ ಬೇಕು.

ವಹಿ ಏನು ಹೇಳುತ್ತದೆ?

ಸಂಘದಿಂದ ಒಂದು ತೂಗುವ ತಕ್ಕಡಿ ಕೊಂಡುಕೊಳ್ಳಿರಿ. ಮುಂಜಾನೆ ಮೇವು ಹಾಕುವ ಮೊದಲು ಹುಂಜವನ್ನು ಚೀಲದಲ್ಲಿ ಹಾಕಿ ತೂಗಿರಿ. ಒಂದು ಹುಂಜದ ತೂಕ ಹೀಗೆ ಬರೆದಿದ್ದೀರಿ ಎಂದು ತಿಳಿಯೋಣ:

12ನೆಯ ವಾರ – 1 ಕಿಲೋ 300 ಗ್ರಾಂ
16ನೆಯ ವಾರ – 2 ಕಿಲೋ
20ನೆಯ ವಾರ – 2 ಕಿಲೋ 400 ಗ್ರಾಂ
24ನೆಯ ವಾರ – 2 ಕಿಲೋ 500 ಗ್ರಾಂ

ಮೊದಲ ನಾಲ್ಕು ವಾರದಲ್ಲಿ 700 ಗ್ರಾಂ ಬೆಳೆಯಿತು. ಆಮೇಲೆ 400. ಕೊನೆಗೆ ಬರೀ 100 ಗ್ರಾಂ. ಹುಂಜಕ್ಕೆ ದಿನಕ್ಕೆ 100 ಗ್ರಾಂ ಗೋವಿನಜೋಳ ಹಾಕಿದರೆ ನಾಲ್ಕು ವಾರಕ್ಕೆ 2 ಕಿಲೋ 800 ಗ್ರಾಂ ಆಯಿತು. ಲೆಕ್ಕಕ್ಕೆಂದು ಗೋವಿನಜೋಳ ಕಿಲೋಗೆ 25 ರೂಪಾಯಿ, ಕೋಳಿ ಕಿಲೋಗೆ 200 ರೂಪಾಯಿ ಹಿಡಿಯೋಣ. ಕೊನೆಯ ನಾಲ್ಕು ವಾರದಲ್ಲಿ ಮೇವಿಗೆ ಹೋದದ್ದು 70 ರೂಪಾಯಿ. ತೂಕದಿಂದ ಬಂದದ್ದು 20 ರೂಪಾಯಿ. 50 ರೂಪಾಯಿ ಹುಂಜದ ಹೊಟ್ಟೆಗೆ ಹೋಯಿತು! ಈ ಹುಂಜವನ್ನು 20ನೆಯ ವಾರಕ್ಕೇ ಮಾರಬೇಕಿತ್ತು. ನಿಮ್ಮ ಹುಂಜ ಬೇರೆ ಥರ ಬೆಳೆದೀತು. ಅದನ್ನು ನಿಮ್ಮ ವಹಿಯೇ ಹೇಳಬೇಕು.

ಕಾಲವನ್ನೂ ನೋಡಬೇಕು. ಶ್ರಾವಣದಲ್ಲಿ ಬಹಳ ಮಂದಿ ಮಾಂಸ ಬಿಡುತ್ತಾರೆ, ಕೋಳಿ ಕೇಳುವವರು ಕಡಿಮೆ. ಜಾತ್ರೆಗೆ, ಹಬ್ಬದ ಕರಿಗೆ ಕೇಳಿಕೊಂಡು ಬರುತ್ತಾರೆ. ನಮ್ಮ ಕಲಘಟಗಿ ಕಡೆ ಮಳೆ ಹೆಚ್ಚು. ಜಡಿ ಮಳೆಯಲ್ಲಿ ತಂದ ಮರಿ ತಂಪಿಗೆ ಸಾಯುತ್ತವೆ. ದೀಪಾವಳಿ ಮುಗಿದ ಮೇಲೆ ಮರಿ ತಂದು ಬೆಚ್ಚಗೆ ಸಾಕಿದರೆ ಯುಗಾದಿ ಕರಿಗೆ ಹುಂಜ ತಯಾರು.

ಅಂದಾಜಿಗೆ ಕೊಡಬೇಡಿರಿ

ವ್ಯಾಪಾರದವರು ಬಾಗಿಲಿಗೆ ಬರುತ್ತಾರೆ. ಹುಂಜವನ್ನು ಕೈಯಲ್ಲಿ ಎತ್ತಿ, "ಹಗುರ ಐತಿ ಅವ್ವಾ, 350 ತಗೋ" ಎನ್ನುತ್ತಾರೆ. ನಿಮ್ಮ ವಹಿಯಲ್ಲಿ 2 ಕಿಲೋ 300 ಗ್ರಾಂ ಎಂದು ಇದೆ. ಕಿಲೋಗೆ 200 ಹಿಡಿದರೆ 460 ರೂಪಾಯಿ. ಒಂದು ಹುಂಜಕ್ಕೆ 110 ರೂಪಾಯಿ ಬಿಟ್ಟಂತೆ. ಐದು ಹುಂಜಕ್ಕೆ 550. ಆಗ ಜಗಳ ಆಡಬೇಕಿಲ್ಲ. "ತೂಗೋಣ ಬರ್ರಿ ಅಣ್ಣಾ" ಎಂದರೆ ಸಾಕು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇವೆ. ಮರಿಗೆ ಬಲ್ಬು ಹಾಕಿದವಳು ನೀವು. ರಾತ್ರಿ ಎದ್ದು ಬೆಕ್ಕು ಓಡಿಸಿದವಳು ನೀವು. ಮಾರುವ ದಿನ ಮಾತ್ರ ಮನೆಯ ಗಂಡಸರು ಮುಂದೆ ಬಂದು ರೊಕ್ಕ ಎಣಿಸಿಕೊಳ್ಳುತ್ತಾರೆ. ಯಾಕೆ? "ಆಕಿಗೆ ಲೆಕ್ಕ ತಿಳಿಯೂದಿಲ್ಲ" ಎನ್ನುವುದು ಅವರ ಕಾರಣ. ಆ ಕಾರಣ ಈಗ ಉಳಿದಿಲ್ಲ. ಮನೆಯವರ ಮುಂದೆಯೇ ವಹಿ ತೆರೆದು ಓದಿ ತೋರಿಸಿರಿ. ಮರಿಗೆ ಇಷ್ಟು, ಮೇವಿಗೆ ಇಷ್ಟು, ಬಂದದ್ದು ಇಷ್ಟು, ಉಳಿದದ್ದು ಇಷ್ಟು. ಉಳಿದದ್ದರಲ್ಲಿ ಮಗಳ ಪುಸ್ತಕಕ್ಕೆ ಎಷ್ಟು, ಮುಂದಿನ ಮರಿಗೆ ಎಷ್ಟು ಎಂದು ನೀವೇ ಹೇಳಿರಿ. ವಹಿಯ ಮೊದಲ ಪುಟದಲ್ಲಿ ನಿಮ್ಮ ಹೆಸರನ್ನು ನೀವೇ ಬರೆಯಿರಿ.

ಓದಿ, ಮಾತಾಡಿ, ಬರೆಯಿರಿ

1. ಹುಂಜದ ಗರಿಗೂ ಹೇಂಟೆಯ ಗರಿಗೂ ಏನು ವ್ಯತ್ಯಾಸ?
2. ಹನ್ನೆರಡು ಹೇಂಟೆ, ಏಳು ಹುಂಜ ಇವೆ. ಎಷ್ಟು ಹುಂಜ ಇಟ್ಟುಕೊಳ್ಳುತ್ತೀರಿ? ಯಾಕೆ?
3. ಹುಂಜದ ತೂಕ 1 ಕಿಲೋ 500 ಗ್ರಾಂ. ಕಿಲೋಗೆ 200 ರೂಪಾಯಿ. ಎಷ್ಟು ರೊಕ್ಕ ಬರಬೇಕು?
4. ನಿಮ್ಮ ಮನೆಯಲ್ಲಿ ಕೋಳಿ ಮಾರಿದ ರೊಕ್ಕ ಯಾರ ಕೈಯಲ್ಲಿ ಇರುತ್ತದೆ? ಎಲ್ಲರೂ ಕೂಡಿ ಮಾತಾಡಿರಿ.