ತೊಗರಿ ಧಾರಣೆಯ ಲೆಕ್ಕಕ್ಕೆ ಕಂಪ್ಯೂಟರ್ ಸಜ್ಜು ಮಾಡುವಾಗ
(ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ವರ್ಷ ಕಮಲಾಪುರದ ಒಬ್ಬ ಮಗಳು, ಟ್ರಸ್ಟ್ ಕೊಟ್ಟ ಲ್ಯಾಪ್‌ಟಾಪ್ ಹಿಡಿದು ಸೇಡಂ ರಸ್ತೆಯ ನಮ್ಮ ಕೊಠಡಿಗೆ ಅಳುತ್ತ ಬಂದಳು. ಎಂ.ಎ. ಅರ್ಥಶಾಸ್ತ್ರ ಓದುವವಳು. ಕಲಬುರಗಿ ಮಾರುಕಟ್ಟೆಗೆ ತೊಗರಿ ಆವಕ ಹೆಚ್ಚಿದಾಗ ಧಾರಣೆ ಎಷ್ಟು ಇಳಿಯುತ್ತದೆ ಎಂಬುದು ಅವಳ ಪ್ರಬಂಧ. ಯಾರೋ ದುಬಾರಿ ತಂತ್ರಾಂಶದ ಕಳ್ಳಪ್ರತಿ ಹಾಕಿಕೊಟ್ಟಿದ್ದರು. ಹಾಕುವಾಗ ವೈರಸ್ ತಡೆಯನ್ನೂ ಬಂದ್ ಮಾಡಿದ್ದರು. ಮೂರನೆಯ ದಿನ ಒಂದು ಫೈಲೂ ತೆರೆಯಲಿಲ್ಲ. ತಂದೆ ಹಮಾಲಿ, ಮಂಡಿಯಲ್ಲಿ ಕೇಳಿ ಕೇಳಿ ಮಗಳಿಗೆ ಬರೆಸಿದ್ದ ಆರು ವರ್ಷದ ಧಾರಣೆ ಮಾತ್ರ ನೋಟ್‌ಬುಕ್ಕಿನಲ್ಲಿ ಉಳಿದಿತ್ತು.

ನಾವು ಅವಳನ್ನು ಬೈಯಲಿಲ್ಲ. ಯಂತ್ರ ಕೊಟ್ಟ ನಾವು, ಅದರಲ್ಲಿ ಏನು ಹಾಕಬೇಕೆಂದು ಹೇಳಿಕೊಟ್ಟಿರಲಿಲ್ಲ. ದಾನಿಗಳ ಹಣ ಅಮಾನತ್. ಅದರಿಂದ ಕೊಂಡ ಯಂತ್ರದಲ್ಲಿ ಕದ್ದ ಸರಕು ಇರಬಾರದು.

ಒಬ್ಬ ದಾನಿಗಳು, "ಆ ದುಬಾರಿ ತಂತ್ರಾಂಶವನ್ನೇ ಕೊಡಿಸೋಣ ಮಾಸ್ತರ್" ಎಂದರು. ದೊಡ್ಡ ಮನಸ್ಸು. ಆದರೆ ಬೇಡ ಎಂದೆವು. ಗ್ರೆಟ್ಲ್ ಎಂಬ ತಂತ್ರಾಂಶವಿದೆ. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಆಲಿನ್ ಕಾಟ್ರೆಲ್ ಮತ್ತು ಸಂಗಡಿಗರು ಕಟ್ಟಿದ್ದು. ಬೆಲೆ ಇಲ್ಲ. ಪೆನ್‌ಡ್ರೈವ್‌ನಲ್ಲಿ ಹಾಕಿ ಗೆಳತಿಗೆ ಕೊಟ್ಟರೂ ತಪ್ಪಿಲ್ಲ, ಅದರ ಲೈಸೆನ್ಸೇ ಹಾಗಿದೆ. ಮೆನು ಒತ್ತಿ ಕೆಲಸ ಮಾಡಬಹುದು. ಅವರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು, ಇದೊಂದು ಮರೆಯಬೇಡಿ.

ಹಾಕುವುದು ಸುಲಭ. ಮಕ್ಕಳು ಎಡವುವುದು ಆಮೇಲೆ. ನಮ್ಮ ಹುಡುಗಿ ಧಾರಣೆಯನ್ನು 7,250 ಎಂದು ಕಾಮಾ ಸಮೇತ ಟೈಪ್ ಮಾಡಿದ್ದಳು. ಸಿಎಸ್‌ವಿ ಫೈಲಿನಲ್ಲಿ ಕಾಮಾ ಎಂದರೆ ಅಂಕಣದ ಗೋಡೆ. 7 ಒಂದು ಕಡೆ, 250 ಒಂದು ಕಡೆ ಹೋಯಿತು. ಮಾರುಕಟ್ಟೆ ನಡೆಯದ ತಿಂಗಳಿಗೆ ಸೊನ್ನೆ ಹಾಕಿದ್ದಳು. ಅದು ತೊಗರಿಯನ್ನು ಪುಕ್ಕಟೆ ಮಾರಿದ ಲೆಕ್ಕವಾಯಿತು! ಅಂಥ ಮನೆಯನ್ನು ಖಾಲಿ ಬಿಡಬೇಕು. ಫೈಲು ತೆರೆದಾಗ, ಇದು ಕಾಲಾನುಕ್ರಮದ ಅಂಕಿಯೇ ಎಂದು ಗ್ರೆಟ್ಲ್ ಕೇಳುತ್ತದೆ. ಎಲ್ಲರೂ ಅವಸರದಲ್ಲಿ 'ಇಲ್ಲ' ಒತ್ತುತ್ತಾರೆ. 'ಹೌದು' ಎಂದು, ತಿಂಗಳವಾರು ಎಂದು ಆರಿಸಿ, ಮೊದಲ ತಿಂಗಳನ್ನು ಕೊಡಬೇಕು. ಇಲ್ಲವಾದರೆ ಹೋದ ತಿಂಗಳ ಆವಕಕ್ಕೂ ಈ ತಿಂಗಳ ಧಾರಣೆಗೂ ನಂಟು ಹಾಕಲು ಬರುವುದಿಲ್ಲ. ಅವಳ ಪ್ರಬಂಧದ ಜೀವವೇ ಆ ನಂಟು.

ಎರಡು ಭಾನುವಾರ ಕೂತೆವು. ಮೊದಲ ಫಲಿತಾಂಶ ಬಂದಾಗ ಅವಳು ಮನೆಗೆ ಫೋನ್ ಮಾಡಿದಳು. "ಆವಕ ಹೆಚ್ಚಾದರೆ ದರ ಬೀಳ್ತದ ಅಂತ ನಾ ಮೊದಲೇ ಹೇಳಿದ್ನಲ್ಲ" ಎಂದರಂತೆ ತಂದೆ. ಹೌದು, ಆದರೆ ಎಷ್ಟು ಬೀಳುತ್ತದೆ ಎಂದು ಹೇಳಿದವಳು ಮಗಳು.

ಈ ಸಲ ಲ್ಯಾಪ್‌ಟಾಪ್ ಪಡೆಯುವ ಮಕ್ಕಳು ಕಳ್ಳಪ್ರತಿ ಹಾಕುವುದಿಲ್ಲ ಎಂದು ಬರೆದುಕೊಡಬೇಕು. ಗ್ರೆಟ್ಲ್ ಬಳಸಬಹುದೇ ಎಂದು ಮಾರ್ಗದರ್ಶಕರನ್ನು ಮೊದಲೇ ಕೇಳಿಕೊಳ್ಳಿ. ದಾನಿಗಳಲ್ಲಿ ನಮ್ಮ ಕೋರಿಕೆ ಇಷ್ಟೇ: ಕೊಠಡಿಗೆ ಒಳ್ಳೆಯ ಇಂಟರ್ನೆಟ್, ಕರೆಂಟ್ ಹೋದಾಗ ನಡೆಯುವ ಒಂದು ಯುಪಿಎಸ್. ಭಾನುವಾರ ಜೊಹರ್ ನಮಾಜಿನ ನಂತರ ಬನ್ನಿ. ಚಾರ್ಜರ್ ತನ್ನಿ, ನೋಟ್‌ಬುಕ್ಕನ್ನೂ ತನ್ನಿ.